ಹಿಡಿ ಪುಡಿಯ ವಜ್ರಕವಚ

ಕಳೆದ ಮಾಘಮಾಸದಲ್ಲಿ ನಮ್ಮ ತಾಯಿಯವರನ್ನು ಕಾಶಿಯಾತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರ ಅಜ್ಜಿಗೆ ಕಾಶಿಗೆ ಹೋಗಿಬರಲು ಎರಡು ತಿಂಗಳು ಹಿಡಿದಿತ್ತಂತೆ. ಹೊರಡುವ ಮುನ್ನ ಬಂಧುಬಳಗದವರೆಲ್ಲ ಸೇರಿ, ಮರಳಿ ಬರುವರೋ ಇಲ್ಲವೋ ಎಂಬಂತೆ ಕಣ್ಣೀರಿಟ್ಟು ಕಳುಹಿಸಿಕೊಟ್ಟಿದ್ದರಂತೆ. ನಾವಾದರೋ ಬೆಂಗಳೂರಿನಲ್ಲಿ ಬೆಳಗಿನ ಕಾಫಿ ಕುಡಿದು ಹೊರಟವರು ಮಧ್ಯಾಹ್ನದ ಊಟದ ವೇಳೆಗೆ ಗಂಗೆಯ ದಡದಲ್ಲಿದ್ದೆವು. ವಿಮಾನದಲ್ಲಿ ತಾಯಿಯವರದು ಕಿಟಕಿಯ ಪಕ್ಕದ ಆಸನ. ರೆಕ್ಕೆಯ ಕೆಳಗೆ ತೂಗುತ್ತಿದ್ದ ದೊಡ್ಡ ಎಂಜಿನ್ನನ್ನು ಬಹಳ ಹೊತ್ತು ನೋಡುತ್ತಿದ್ದವರು, "ಇದರ ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತದೆಯೇನೋ?" ಎಂದು ಕೇಳಿದರು.

"ಉರಿಯುತ್ತದೆ" ಎಂದೆ.

"ನಮ್ಮ ಬಚ್ಚಲ ಒಲೆಯ ಬೆಂಕಿಯಂಥದೋ?"

"ಅದೆಲ್ಲಿ! ಕಮ್ಮಾರನ ಕುಲುಮೆಗಿಂತಲೂ ಬಲವಾದದ್ದು."

"ಹಾಗಾದರೆ ಆ ಕಬ್ಬಿಣ ಕರಗಿಹೋಗುವುದಿಲ್ಲವೆ?"

ಛಂದಸ್ಸು, ವ್ಯಾಕರಣ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದಕ್ಕೆ ಉತ್ತರ ತಿಳಿದಿರಲಿಲ್ಲ. ಎಲ್ಲದಕ್ಕೂ ಏನಾದರೊಂದು ವ್ಯವಸ್ಥೆ ಮಾಡಿರುತ್ತಾರೆ ಎಂದು ಮೇಷ್ಟರುಗಳು ಹೇಳುವಂಥ ಉತ್ತರವನ್ನು ಹೇಳಿ ಸುಮ್ಮನಾದೆ. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಊರಿಗೆ ಮರಳಿದ ಮೇಲೆ, ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕನ್ನಡ ಓದಿ, ಮುಂದೆ ಲೋಹವಿಜ್ಞಾನವನ್ನು ಹಿಡಿದು, ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಹಳೆಯ ಶಿಷ್ಯನೊಬ್ಬನನ್ನು ಹುಡುಕಿಕೊಂಡು ಹೋದೆ. ಆತನ ಕಾರ್ಖಾನೆಯ ಕಸುಬೇ ಯಂತ್ರದ ಭಾಗಗಳ ಮೇಲೆ ಲೋಹವನ್ನು ಸಿಂಪಡಿಸುವುದು. ಸಂಧಿ ಬಿಡಿಸುವುದರಲ್ಲಿ ಎಂದೂ ಆಸಕ್ತಿ ತೋರದಿದ್ದ ಆ ಹುಡುಗ, ಈ ವಿಷಯವನ್ನು ಎತ್ತಿದೊಡನೆ ಮೂರು ಗಂಟೆ ಮಾತನಾಡಿದ.

"ಅಮ್ಮನವರ ಸಂದೇಹ ಸರಿಯಾಗಿಯೇ ಇದೆ, ಸಾರ್. ಕರಗಲೇಬೇಕು. ಕರಗದೆ ಇರುವುದೇ ಸೋಜಿಗ" ಎಂದು ಅವನು ಆರಂಭಿಸಿದ.

ಜೆಟ್ ಎಂಜಿನ್ನಿನ ಒಳಗೆ, ಬೆಂಕಿ ಉರಿಯುವ ಕೋಣೆಯ ಬೆನ್ನಿಗೇ, ಒಂದು ಚಕ್ರವಿದೆ. ಅದರ ಅಂಚಿನುದ್ದಕ್ಕೂ ಅಂಗೈಗಿಂತ ಚಿಕ್ಕದಾದ ಅಲಗುಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಉರಿಯುವ ಅನಿಲ ಅವುಗಳಿಗೆ ಬಡಿದು ಚಕ್ರ ತಿರುಗುತ್ತದೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿ ತಿರುಗುವುದೂ ಉಂಟು. ದೊಡ್ಡ ಎಂಜಿನ್ನುಗಳಲ್ಲಿ ಆ ವೇಗಕ್ಕೆ ಒಂದೊಂದು ಅಲಗನ್ನೂ ಹತ್ತು ಟನ್ನಿಗೂ ಮಿಗಿಲಾದ ಬಲ ಹೊರಕ್ಕೆ ಸೆಳೆಯುತ್ತದೆ. ಅಲಗಿನ ಲೋಹ ಕಬ್ಬಿಣವಲ್ಲ. ನಿಕಲ್‌ನೊಡನೆ ಇತರ ಹಲವು ಧಾತುಗಳನ್ನು ಬೆರೆಸಿ ಎರಕ ಹೊಯ್ದ ಮಿಶ್ರಲೋಹ. ಶುದ್ಧ ನಿಕಲ್ ೧೪೫೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಮಿಶ್ರಲೋಹವಾದರೋ ಸುಮಾರು ೧೩೦೦ ಡಿಗ್ರಿಯ ಆಸುಪಾಸಿನಲ್ಲೇ ಸೋಲತೊಡಗುತ್ತದೆ. ಅದರ ಮುಖಕ್ಕೆ ಬಡಿಯುವ ಅನಿಲದ ಉಷ್ಣತೆ, ಇಂದಿನ ಎಂಜಿನ್ನುಗಳಲ್ಲಿ, ೧೫೦೦ ಡಿಗ್ರಿಯನ್ನೂ ದಾಟಿರುತ್ತದೆ.

ಇಂಥಲ್ಲಿ ಅಲಗನ್ನು ಕಾಯುವ ಉಪಾಯಗಳು ಎರಡು. ಅಲಗಿನ ಒಳಗೆ ಸುರಂಗಗಳನ್ನು ಬಿಟ್ಟು ತಂಪು ಗಾಳಿಯನ್ನು ಹಾಯಿಸುವುದು ಒಂದು. ಅದರ ಕಥೆಗೆ ಬೇರೆಯೇ ಲೇಖನ ಬೇಕು. ಎರಡನೆಯದು ಅಲಗಿಗೆ ತೊಡಿಸುವ ಕವಚ. ಅದರ ದಪ್ಪ ಮಿಲಿಮೀಟರಿನ ಕೆಲವು ಹತ್ತನೇ ಪಾಲುಗಳಷ್ಟೇ, ಮದುವೆಯ ಕರೆಯೋಲೆಯ ದಪ್ಪ ಎನ್ನೋಣ. ಆ ಕವಚ ಹುಟ್ಟುವುದು ಒಂದು ಹಿಡಿ ಪುಡಿಯಿಂದ.

ಗೋಡೆಗೆ ಅಂಟಿದ ಗುಂಡು

ಲೋಹವನ್ನು ಪನ್ನೀರಿನಂತೆ ಸಿಂಪಡಿಸಬಹುದೆಂದು ಮೊದಲು ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಚ್ ಶೂಪ್ (೧೮೭೦–೧೯೫೬) ಎಂಬ ಮಹನೀಯರು. ಹುಡುಗರು ಆಟದ ಬಂದೂಕಿನಿಂದ ತೋಟದ ಗೋಡೆಗೆ ಸೀಸದ ಗುಂಡು ಹೊಡೆಯುತ್ತಿದ್ದುದನ್ನು ಅವರು ಕಂಡರೆಂದೂ, ಗೋಡೆಗೆ ಬಡಿದ ಗುಂಡುಗಳು ಚಪ್ಪಟೆಯಾಗಿ ಒಂದರ ಮೇಲೊಂದು ಅಂಟಿಕೊಂಡಿದ್ದುದು ಅವರ ಬುದ್ಧಿಯನ್ನು ಕೆಣಕಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ನಿಜವಿರಲಿ, ಬಿಡಲಿ, ಈ ವಿದ್ಯೆಯ ಸಾರವೆಲ್ಲ ಅದರಲ್ಲಿದೆ. ಒಂದು ಹನಿ ಲೋಹವನ್ನು ಮೆತ್ತಗೆ ಮಾಡಿ, ರಭಸದಿಂದ ಬಡಿದರೆ ಅದು ಅಪ್ಪಚ್ಚಿಯಾಗಿ ಅಂಟುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ೧೯೧೦ರ ಆಚೀಚೆಯ ವರ್ಷಗಳಲ್ಲಿ ಜೂರಿಕ್ ನಗರದಲ್ಲಿ ಶೂಪ್ ಪುಡಿಯನ್ನೂ ತಂತಿಯನ್ನೂ ಜ್ವಾಲೆಯಲ್ಲಿ ಕರಗಿಸಿ ಊದುವ ಬಂದೂಕುಗಳನ್ನು ರಚಿಸಿದರು. ತವರ, ಸತು, ಸೀಸಗಳಂಥ ಸುಲಭವಾಗಿ ಕರಗುವ ಲೋಹಗಳು ಅವರಿಗೆ ಒಲಿದವು. ಸೇತುವೆಗಳ ಉಕ್ಕಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಹಾಕುವುದಕ್ಕೆ ಆ ವಿದ್ಯೆ ಧಾರಾಳವಾಗಿ ಸಾಕು.

ಬೆಂಕಿಯನ್ನೇ ತಡೆಯುವ ಲೇಪ ಬೇಕಾದರೆ ಕರಗದ ವಸ್ತುಗಳನ್ನು ಕರಗಿಸಬೇಕು. ಅದಕ್ಕೆ ಬಲವಾದ ಉರಿ ಬೇಕು. ೧೯೫೦ರ ದಶಕದಲ್ಲಿ ಎರಡು ಹೊಸ ಬಂದೂಕುಗಳು ಬಂದವು. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ಮೂವರು ೧೯೫೫ರಲ್ಲಿ ಹಕ್ಕು ಪಡೆದುಕೊಂಡ ಬಂದೂಕು ಅನಿಲವನ್ನು ನಿಜವಾಗಿಯೇ ಸಿಡಿಸಿ, ಸಿಡಿತಕ್ಕೊಂದು ಚಿಟಿಕೆಯಂತೆ ಪುಡಿಯನ್ನು ಹಾರಿಸುತ್ತಿತ್ತು. ಇನ್ನೊಂದು ಪ್ಲಾಸ್ಮಾ ಬಂದೂಕು. ಟಂಗ್‌ಸ್ಟನ್ನಿನ ಮೊನೆಗೂ ತಾಮ್ರದ ಕೊಳವೆಗೂ ನಡುವೆ ವಿದ್ಯುತ್ತಿನ ಕಮಾನು ಹೊತ್ತಿಸಿ, ಅದರ ಮೂಲಕ ಆರ್ಗಾನ್ ಮತ್ತು ಜಲಜನಕ ಅನಿಲಗಳನ್ನು ಹಾಯಿಸಿದರೆ, ಮೂತಿಯಿಂದ ಹೊಮ್ಮುವ ನಾಲಗೆಯ ನಡುವಿನ ಉಷ್ಣತೆ ೧೦,೦೦೦ ಡಿಗ್ರಿಯನ್ನು ಮೀರುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಯೂ ಅಷ್ಟಿಲ್ಲ. ನೀರು ಹರಿಸಿ ತಂಪು ಮಾಡದಿದ್ದರೆ ಬಂದೂಕೇ ಕರಗೀತು. ಮುಂದೆ ೧೯೮೦ರ ದಶಕದ ಆರಂಭದಲ್ಲಿ ಜೇಮ್ಸ್ ಬ್ರೌನಿಂಗ್ ಎಂಬ ಅಮೆರಿಕದ ಎಂಜಿನಿಯರು ಉಷ್ಣಕ್ಕಿಂತ ವೇಗಕ್ಕೆ ಪ್ರಾಶಸ್ತ್ಯ ಕೊಟ್ಟು, ಶಬ್ದದ ವೇಗವನ್ನು ಮೀರಿ ಹೊಮ್ಮುವ ಜ್ವಾಲೆಯ ಬಂದೂಕನ್ನು ಬಳಕೆಗೆ ತಂದರು.

ಪೀಣ್ಯದಲ್ಲಿ ಪ್ಲಾಸ್ಮಾ ಬಂದೂಕು ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡೆ. ಕಿವಿಯಾರೆ ಕೇಳುವ ಹಾಗಿರಲಿಲ್ಲ, ಕಿವಿಗೆ ಮುಚ್ಚಳ ಕೊಟ್ಟಿದ್ದರು. ದಪ್ಪ ಗಾಜಿನಾಚೆಯ ಕೋಣೆಯಲ್ಲಿ ಯಂತ್ರದ ತೋಳೊಂದು ಬಂದೂಕನ್ನು ಹಿಡಿದು, ತಿರುಗುವ ಲೋಹದ ತುಂಡಿನ ಮುಂದೆ ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಸುಣ್ಣ ಬಳಿಯುವವನ ಕೈಯಂತೆ ಆಡುತ್ತಿತ್ತು. ಪಕ್ಕದ ಡಬ್ಬಿಯಿಂದ ಬೂದುಬಣ್ಣದ ಪುಡಿ ಸಣ್ಣ ಕೊಳವೆಯಲ್ಲಿ ಬಂದು ಆ ಬಿಳಿಯ ನಾಲಗೆಯೊಳಕ್ಕೆ ಬೀಳುತ್ತಿದ್ದಂತೆ ಕಿಡಿಗಳ ಜಡಿಮಳೆ. ಒಂದು ಕಣ ಬಂದೂಕನ್ನು ಬಿಟ್ಟು ಲೋಹವನ್ನು ಮುಟ್ಟುವುದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಸಹ ಬೇಡವಂತೆ. ಅಷ್ಟರಲ್ಲಿ ಅದು ಕರಗಬೇಕು, ಹಾರಬೇಕು, ಬಡಿದು ಚಪ್ಪಟೆಯಾಗಬೇಕು, ಮತ್ತೆ ಗಟ್ಟಿಯಾಗಬೇಕು.

ರಾಗಿಯಂತೆ ಹರಿಯಬೇಕು

ಬಂದೂಕಿಗಿಂತ ನನ್ನನ್ನು ಹೆಚ್ಚು ಸೆಳೆದದ್ದು ಪುಡಿ. ಶಿಷ್ಯ ಒಂದು ಶೀಶೆಯನ್ನು ಕೈಗಿತ್ತ. ಅಂಗೈಯಗಲದ ಶೀಶೆ, ಆದರೆ ಭಾರ ಅಂಗೈಯನ್ನು ಕೆಳಕ್ಕೆ ಜಗ್ಗಿತು. ನೂರು ಪಾಲಿನಲ್ಲಿ ನಿಕಲ್ ೩೨, ಕ್ರೋಮಿಯಂ ೨೧, ಅಲ್ಯೂಮಿನಿಯಂ ೮, ಇಟ್ರಿಯಂ ಎಂಬ ಅಪರೂಪದ ಧಾತು ಅರ್ಧ, ಮಿಕ್ಕದ್ದೆಲ್ಲ ಕೋಬಾಲ್ಟ್. ಈ ಬಗೆಯ ಮಿಶ್ರಲೋಹಗಳು ರೂಪುಗೊಂಡದ್ದು ೧೯೬೦ ಮತ್ತು ೧೯೭೦ರ ದಶಕಗಳಲ್ಲಿ.

ಇದನ್ನು ಯಾರೂ ಕುಟ್ಟಿ, ಬೀಸಿ ಪುಡಿ ಮಾಡುವುದಿಲ್ಲ. ಗಾಳಿಯಿಲ್ಲದ ಮೂಸೆಯಲ್ಲಿ ಲೋಹಗಳನ್ನು ಒಟ್ಟಿಗೆ ಕರಗಿಸಿ, ಎಳೆಯಾಗಿ ಕೆಳಕ್ಕೆ ಸುರಿಯುತ್ತಾರೆ. ಸುರಿಯುವ ಧಾರೆಗೆ ಸುತ್ತಲಿನಿಂದ ಆರ್ಗಾನ್ ಅನಿಲವನ್ನು ಬಲವಾಗಿ ಊದುತ್ತಾರೆ. ಧಾರೆ ಸಿಡಿದು ಕೋಟ್ಯಂತರ ಹನಿಗಳಾಗುತ್ತದೆ. ಹನಿಗಳು ಬೀಳುತ್ತ ಬೀಳುತ್ತ ಗೋಲಿಗಳಾಗಿ ಹೆಪ್ಪುಗಟ್ಟುತ್ತವೆ. ಆಮೇಲೆ ಜರಡಿ ಹಿಡಿಯುವುದು. ಜೆಟ್ ಜ್ವಾಲೆಯ ಬಂದೂಕಿಗೆ ಮಿಲಿಮೀಟರಿನ ಸಾವಿರದಲ್ಲಿ ೨೦ರಿಂದ ೪೫ ಪಾಲಿನ ಕಣಗಳು, ಪ್ಲಾಸ್ಮಾ ಬಂದೂಕಿಗೆ ಅದಕ್ಕಿಂತ ದಪ್ಪನೆಯವು. ನಮ್ಮ ತಲೆಗೂದಲಿನ ದಪ್ಪ ಇದೇ ಅಳತೆಯಲ್ಲಿ ಸುಮಾರು ೭೦.

ಗೋಲಿಯ ಆಕಾರಕ್ಕೆ ಇಷ್ಟು ಆದರವೇಕೆ ಎಂದು ಕೇಳಿದೆ. ಉತ್ತರವಾಗಿ ಆತ ಒಂದು ಹಿತ್ತಾಳೆಯ ಆಲಿಕೆಯನ್ನು ಮೇಜಿನ ಮೇಲಿಟ್ಟು, ತಳದ ತೂತನ್ನು ಬೆರಳಿನಿಂದ ಮುಚ್ಚಿ, ೫೦ ಗ್ರಾಂ ಪುಡಿ ತೂಗಿ ಸುರಿದ. ಬೆರಳು ತೆಗೆದೊಡನೆ ಪುಡಿ ನೀರಿನಂತೆ ಸರ್ರನೆ ಇಳಿದುಹೋಯಿತು. ಅವನು ಗಡಿಯಾರ ನೋಡಿ ಸೆಕೆಂಡುಗಳನ್ನು ಬರೆದುಕೊಂಡ. ಆಮೇಲೆ ತಿರಸ್ಕೃತವಾದ ಇನ್ನೊಂದು ಪುಡಿಯನ್ನು ಸುರಿದ. ಅದು ನಡುವೆ ತಡೆದು ನಿಂತಿತು. ಮನೆಯಲ್ಲಿ ರಾಗಿ ಬೀಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಡೀ ರಾಗಿಯ ಕಾಳು ಮೊರದಿಂದ ಹೇಗೆ ಉರುಳುತ್ತದೆ! ಅದೇ ರಾಗಿ ಹಿಟ್ಟಾದ ಮೇಲೆ ಡಬ್ಬಿಯ ಬಾಯಿಗೆ ಕಟ್ಟಿಕೊಂಡು, ತಟ್ಟಿದ ಹೊರತು ಬೀಳುವುದಿಲ್ಲ. ಪುಡಿ ಬಂದೂಕಿಗೆ ಹಿಟ್ಟಿನಂತೆ ತಡೆತಡೆದು ಹೋದರೆ ಲೇಪ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಲಗು ಸುಡುವುದು ತೆಳುವಾದ ಕಡೆ. ಮಳೆಗಾಲದಲ್ಲಿ ತೇವ ಹಿಡಿದರೂ ಇದೇ ಪಾಡು. ಆದುದರಿಂದ ಪುಡಿಯನ್ನು ಒಲೆಯಲ್ಲಿಟ್ಟು ಒಣಗಿಸಿಯೇ ಬಳಸುತ್ತಾರೆ. ನಮ್ಮ ಮನೆಯಲ್ಲಿ ಹಪ್ಪಳದ ಹಿಟ್ಟಿಗೂ ಇಷ್ಟು ಉಪಚಾರವಿಲ್ಲ.

ಕವಚವಾಗುವ ಕಿಟ್ಟ

ಇಷ್ಟೆಲ್ಲ ಕೇಳಿದ ಮೇಲೆ ನಾನು ಒಂದು ತಪ್ಪು ತೀರ್ಮಾನಕ್ಕೆ ಬಂದಿದ್ದೆ. ಈ ಪುಡಿಯ ಲೋಹ ಅಲಗಿನ ಲೋಹಕ್ಕಿಂತ ಗಟ್ಟಿಯಾದದ್ದು, ಹೆಚ್ಚು ಬೆಂಕಿ ತಡೆಯುವಂಥದು. ಆದ್ದರಿಂದ ಮೇಲೆ ಬಳಿಯುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಕರಗುವ ವಿಷಯದಲ್ಲಿ ಅದಕ್ಕೂ ಅಲಗಿಗೂ ಬಹಳ ಅಂತರವಿಲ್ಲ. ಬಲದಲ್ಲಿ ಅಲಗಿಗೆ ಅದು ಸಮವೇ ಅಲ್ಲ. ಅದರ ಹಿರಿಮೆ ಬೇರೆ. ಅದಕ್ಕೆ ಸರಿಯಾದ ರೀತಿಯಲ್ಲಿ ತುಕ್ಕು ಹಿಡಿಯುವುದು ಗೊತ್ತು.

ತುಕ್ಕೆಂದರೆ ಲೋಹ ಆಮ್ಲಜನಕದೊಡನೆ ಕೂಡುವುದು ತಾನೆ? ಕಬ್ಬಿಣದ ತುಕ್ಕು ಪೊಳ್ಳು, ಉಬ್ಬು. ಹಕ್ಕಳೆಯಾಗಿ ಏಳುತ್ತದೆ, ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೆ ಸಿಕ್ಕಿ ಮತ್ತೆ ತುಕ್ಕು. ಹೀಗೆ ಇಡೀ ಕಂಬವೇ ಕರಗಿಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ತುಕ್ಕು ಹಿಡಿಯುವುದಿಲ್ಲವೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದಕ್ಕೆ ಕಬ್ಬಿಣಕ್ಕಿಂತ ಬೇಗ ಹಿಡಿಯುತ್ತದೆ. ಗೀರಿದ ಕ್ಷಣದಲ್ಲಿಯೇ ಗೀರಿನ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಪೊರೆ ಮೂಡಿ, ಬಿಗಿಯಾಗಿ ಕಚ್ಚಿಕೊಂಡು, ಮುಂದೆ ಗಾಳಿ ಒಳಹೋಗದಂತೆ ಬಾಗಿಲು ಹಾಕಿಬಿಡುತ್ತದೆ. ವಿದ್ಯುತ್ ಒಲೆಯ ಸುರುಳಿಯೂ ಇಂಥದೇ. ೧೯೦೬ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಹಕ್ಕು ಪಡೆದ ನೈಕ್ರೋಮ್ ತಂತಿ, ಎಂಬತ್ತು ಪಾಲು ನಿಕಲ್, ಇಪ್ಪತ್ತು ಪಾಲು ಕ್ರೋಮಿಯಂ, ದಿನವೂ ಕೆಂಡವಾದರೂ ವರ್ಷಗಟ್ಟಲೆ ಉಳಿಯುವುದು ತನ್ನ ಮೇಲೆ ತಾನೇ ಹೊದ್ದುಕೊಂಡ ಕ್ರೋಮಿಯಂ ತುಕ್ಕಿನ ಬಲದಿಂದ. ಆದರೆ ಕ್ರೋಮಿಯಂ ತುಕ್ಕು ಸಾವಿರ ಡಿಗ್ರಿಯಾಚೆಗೆ ಆವಿಯಾಗಿ ಹಾರತೊಡಗುತ್ತದೆ. ಅಲ್ಲಿಂದ ಮುಂದೆ ಅಲ್ಯೂಮಿನಿಯಂ ತುಕ್ಕೇ ಗತಿ.

ಸಿಂಪಡಿಸಿದ ಲೇಪ ಎಂಜಿನ್ನಿನ ಉರಿಗೆ ಸಿಕ್ಕಾಗ ಅದರೊಳಗಿನ ಅಲ್ಯೂಮಿನಿಯಂ ಮೇಲ್ಮೈಗೆ ಬಂದು, ಆಮ್ಲಜನಕದೊಡನೆ ಕೂಡಿ, ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ದಪ್ಪದ ಪೊರೆಯಾಗುತ್ತದೆ. ನಿಜವಾದ ಕವಚ ಈ ಪೊರೆ. ಪುಡಿಯ ಲೇಪವೆಂಬುದು ಅದಕ್ಕೆ ಬುತ್ತಿ ಕಟ್ಟಿಟ್ಟ ಗಂಟು ಮಾತ್ರ. ಪೊರೆ ಎಲ್ಲಾದರೂ ಬಿರಿದರೆ, ಗಂಟಿನಿಂದ ಮತ್ತಷ್ಟು ಅಲ್ಯೂಮಿನಿಯಂ ಬಂದು ಬಿರುಕನ್ನು ಮುಚ್ಚುತ್ತದೆ. ಕ್ರೋಮಿಯಂ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಕಡಲ ಗಾಳಿಯ ಉಪ್ಪಿನಿಂದ ಹುಟ್ಟುವ ಕೊರೆತವನ್ನೂ ತಡೆಯುತ್ತದೆ. ಹಾಗಾದರೆ ಅಲ್ಯೂಮಿನಿಯಮ್ಮನ್ನೂ ಕ್ರೋಮಿಯಮ್ಮನ್ನೂ ಅಲಗಿಗೇ ಧಾರಾಳವಾಗಿ ಬೆರೆಸಬಾರದೇಕೆ? ಬೆರೆಸಿದರೆ ಅಲಗಿನ ಬಲ ಕೆಡುತ್ತದೆ. ಹತ್ತು ಟನ್ನಿನ ಸೆಳೆತವನ್ನು ಹೊರುವವನೊಬ್ಬ, ಬೆಂಕಿಗೆ ಎದೆಯೊಡ್ಡುವವನು ಇನ್ನೊಬ್ಬ.

ನಮ್ಮ ಕಾವ್ಯಗಳಲ್ಲಿ ಕರ್ಣನದು ಸಹಜಕವಚ. ಹುಟ್ಟುತ್ತಲೇ ಮೈಗೆ ಅಂಟಿ ಬಂದದ್ದು. ತರಗತಿಯಲ್ಲಿ ಆ ಭಾಗವನ್ನು ಎಷ್ಟು ಸಾರಿ ಪಾಠ ಹೇಳಿದ್ದೇನೋ. ಅಂಟಿ ಬಂದದ್ದನ್ನು ಅವನು ಕೊಯ್ದು ಕೊಡಬೇಕಾಯಿತು, ಕೊಟ್ಟ ಮೇಲೆ ಮತ್ತೆ ಬೆಳೆಯಲಿಲ್ಲ. ಪೀಣ್ಯದ ಆ ಬೂದುಬಣ್ಣದ ಪುಡಿಯ ಎದುರು ನಿಂತಾಗ ನನಗೆ ಆ ಕವಚದ್ದೇ ನೆನಪು.

ಇನ್ನು ಆ ಅರ್ಧ ಪಾಲಿನ ಇಟ್ರಿಯಂ. ಇದರ ಹೆಸರಿನ ಮೂಲ ಸ್ವೀಡನ್ ದೇಶದ ಇಟ್ಟರ್ಬಿ ಎಂಬ ಪುಟ್ಟ ಹಳ್ಳಿ. ಅಲ್ಲಿನ ಗಣಿಯಲ್ಲಿ ಸಿಕ್ಕಿದ ಕರಿಯ ಕಲ್ಲಿನಿಂದ ಒಂದಲ್ಲ, ನಾಲ್ಕು ಧಾತುಗಳಿಗೆ ಆ ಒಂದೇ ಹಳ್ಳಿಯ ಹೆಸರು ಬಂದಿತು. ನಮ್ಮ ಕೋಲಾರಕ್ಕೆ ಇಲ್ಲದ ಭಾಗ್ಯ! ಲೋಹದಲ್ಲಿ ಹತ್ತು ಲಕ್ಷಕ್ಕೆ ಕೆಲವು ಪಾಲಿನಷ್ಟು ಗಂಧಕ ಅಡಗಿದ್ದರೂ ಅದು ಮೆಲ್ಲನೆ ಪೊರೆಯ ಬುಡಕ್ಕೆ ಬಂದು ಸೇರಿ, ಅಂಟನ್ನು ಸಡಿಲಿಸುತ್ತದೆ. ಇಟ್ರಿಯಂ ಆ ಗಂಧಕವನ್ನು ದಾರಿಯಲ್ಲಿಯೇ ಹಿಡಿದು ಕಟ್ಟಿಹಾಕುತ್ತದೆ. ಅದಿಲ್ಲದಿದ್ದರೆ, ಎಂಜಿನ್ ಕಾದು ಆರಿದ ಪ್ರತಿ ಸಾರಿಯೂ ಪೊರೆ ಹಾವಿನ ಪೊರೆಯಂತೆ ಕಳಚಿ ಬೀಳುತ್ತದೆ. ೨೦೨೫ರ ಏಪ್ರಿಲ್ ತಿಂಗಳಲ್ಲಿ ಚೀನಾ ದೇಶ ಏಳು ಅಪರೂಪದ ಧಾತುಗಳ ರಫ್ತಿಗೆ ಕಡಿವಾಣ ಹಾಕಿತಷ್ಟೆ? ಆ ಏಳರಲ್ಲಿ ಇಟ್ರಿಯಂ ಒಂದು. ಸುದ್ದಿ ಓದಿ ನಾನು ಪುಟ ತಿರುವಿದ್ದೆ. ಶಿಷ್ಯ ಮಾತ್ರ ಅಂದು ರಾತ್ರಿ ನಿದ್ದೆ ಮಾಡಲಿಲ್ಲವಂತೆ.

ಲೋಹದ ಈ ಲೇಪ ಗಾಳಿಯನ್ನು ತಡೆಯುತ್ತದೆ, ಶಾಖವನ್ನು ತಡೆಯುವುದಿಲ್ಲ. ಶಾಖಕ್ಕೆಂದು ಅದರ ಮೇಲೆ ಇನ್ನೊಂದು ಪದರವಿದೆ: ಜಿರ್ಕೋನಿಯಾ ಎಂಬ ಪಿಂಗಾಣಿಯ ಜಾತಿಯ ವಸ್ತು. ೨೭೦೦ ಡಿಗ್ರಿಯ ತನಕ ಕರಗದು; ಶಾಖವನ್ನು ಬಹಳ ನಿಧಾನವಾಗಿ ಒಳಬಿಡುತ್ತದೆ. ೧೯೬೦ರ ದಶಕದಲ್ಲಿ ಅಮೆರಿಕದ ಎಕ್ಸ್-೧೫ ಎಂಬ ರಾಕೆಟ್ ವಿಮಾನದ ಬೆಂಕಿಯ ಕೊಳವೆಗೆ ಇದನ್ನು ಸಿಂಪಡಿಸಿದ್ದರು. ಆದರೆ ಈ ವಸ್ತುವಿಗೊಂದು ದುರ್ಗುಣ. ಕಾದು ಆರುವಾಗ ಒಳಗಿನ ಹರಳಿನ ವಿನ್ಯಾಸ ಬದಲಾಗಿ ಉಬ್ಬುತ್ತದೆ, ಉಬ್ಬಿ ಸೀಳುತ್ತದೆ. ಇಲ್ಲಿಯೂ ಕೈಹಿಡಿದದ್ದು ಇಟ್ರಿಯಮ್ಮೇ. ೧೯೭೦ರ ದಶಕದಲ್ಲಿ ಕ್ಲೀವ್‌ಲೆಂಡಿನ ನಾಸಾ ಪ್ರಯೋಗಾಲಯದ ಸ್ಟೀಫನ್ ಸ್ಟೆಕುರಾ ಹಲವು ಪ್ರಮಾಣಗಳನ್ನು ಒರೆಗೆ ಹಚ್ಚಿ ನೋಡಿ, ನೂರಕ್ಕೆ ಆರರಿಂದ ಎಂಟು ಪಾಲು ಇಟ್ರಿಯಂ ಆಕ್ಸೈಡು ಬೆರೆಸಿದ ಜಿರ್ಕೋನಿಯಾವೇ ಹೆಚ್ಚು ಕಾಲ ಬಾಳುವುದೆಂದು ತೋರಿಸಿದರು. ಆ ಪ್ರಮಾಣ ಅಂದಿನಿಂದ ರೂಢಿಯಲ್ಲಿ ನಿಂತಿದೆ. ವಿಮಾನದ ತಿರುಗುವ ಅಲಗುಗಳಿಗೆ ಈ ಮೇಲಿನ ಪದರವನ್ನು ಅನೇಕ ವೇಳೆ ಸಿಂಪಡಿಸದೆ ಆವಿಯಾಗಿಸಿ ಕೂರಿಸುವುದೂ ಉಂಟು. ಈ ಪಿಂಗಾಣಿ ಶಾಖವನ್ನು ತಡೆದರೂ ಆಮ್ಲಜನಕಕ್ಕೆ ಮಾತ್ರ ಹೆದ್ದಾರಿ. ಕೆಳಗೆ ಪುಡಿಯ ಲೇಪವಿಲ್ಲದಿದ್ದರೆ ಮೇಲಿನದಕ್ಕೆ ಬಾಳಿಲ್ಲ. ಎರಡೂ ಸೇರಿ, ಅಲಗಿನ ಲೋಹವನ್ನು ನೂರಕ್ಕೂ ಮಿಗಿಲಾದ ಡಿಗ್ರಿಗಳಷ್ಟು ತಂಪಾಗಿ ಇಡುತ್ತವೆ.

ಹೆಬ್ಬೆರಳಿನ ಗುರುತು

ಲೇಪ ಅಂಟಬೇಕಾದರೆ ಕೆಳಗಿನ ಲೋಹ ನುಣ್ಣಗಿರಬಾರದು. ಹಿಂದೆ ಸವೆದ ಒರಳಿಗೂ ಬೀಸುವ ಕಲ್ಲಿಗೂ ಉಳಿಯಿಂದ ಕಚ್ಚು ಹಾಕಿಸುತ್ತಿದ್ದರಲ್ಲ, ಹಾಗೆ ಲೋಹದ ಮೇಲೆ ಗಡುಸಾದ ಮರಳನ್ನು ಊದಿ ತರಿತರಿ ಮಾಡುತ್ತಾರೆ. ಮಾಡಿದ ಕೆಲವು ಗಂಟೆಗಳೊಳಗೆ ಲೇಪ ಬೀಳಬೇಕು; ಅದುವರೆಗೆ ಯಾರೂ ಬರಿಗೈಯಿಂದ ಮುಟ್ಟಬಾರದು. ಮಡಿ ಎಂಬ ಮಾತನ್ನು ಅಲ್ಲಿನ ಕೆಲಸಗಾರರು ನಗದೆ ಬಳಸುತ್ತಾರೆ.

ಎರಡು ವರ್ಷದ ಹಿಂದೆ ಒಂದು ವಿದ್ಯುದಾಗಾರದ ಟರ್ಬೈನಿನ ಅಲಗುಗಳು ಅವನ ಕಾರ್ಖಾನೆಗೆ ಬಂದಿದ್ದವು. ಪ್ರತಿ ಸರದಿಯ ಜೊತೆಗೆ ಒಂದು ಮಾದರಿ ತುಂಡಿಗೂ ಅದೇ ಲೇಪ ಹಾಕಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಪರೀಕ್ಷಿಸುವುದು ಕ್ರಮ. ಆ ಸಾರಿ ಮಾದರಿಯ ಲೇಪ ಒಂದು ಕಡೆ ಹಪ್ಪಳದಂತೆ ಎದ್ದಿತು. ಎದ್ದ ಜಾಗ ಒಂದು ಹೆಬ್ಬೆರಳಿನಷ್ಟು. ಕೆಲಸ ಕಲಿಯಲು ಬಂದಿದ್ದ ಹುಡುಗನೊಬ್ಬ ಕೈಗವಸು ತೆಗೆದು ಅದನ್ನು ಎತ್ತಿಟ್ಟಿದ್ದನೆಂದು ಆಮೇಲೆ ತಿಳಿಯಿತು. ಬೆರಳಿನ ಜಿಡ್ಡು, ಅಷ್ಟೇ. ಮಾದರಿಯನ್ನು ಮುಟ್ಟಿದವನು ಅಲಗುಗಳನ್ನೂ ಮುಟ್ಟಿರಬಹುದಲ್ಲ? ಇಡೀ ಸರದಿಯ ಲೇಪವನ್ನು ಆಮ್ಲದಲ್ಲಿ ಕರಗಿಸಿ ತೆಗೆದು ಮತ್ತೆ ಮೊದಲಿನಿಂದ ಹಾಕಿದರು. ನಷ್ಟ ದೊಡ್ಡದು. ಹುಡುಗನನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಿನವರು ಹೇಳಿದರಂತೆ. ನನ್ನ ಶಿಷ್ಯ ಹಟಹಿಡಿದು ಉಳಿಸಿಕೊಂಡ. "ಈಗ ಆ ಕೊಠಡಿಯಲ್ಲಿ ಅವನಷ್ಟು ಮಡಿವಂತ ಯಾರೂ ಇಲ್ಲ, ಸಾರ್" ಎಂದ. ನನಗೆ ತೋರಿಸಿದ. ಇಪ್ಪತ್ತೆರಡು ವರ್ಷದ ಹುಡುಗ. ತಲೆಯೆತ್ತಿ ನಕ್ಕು ಮತ್ತೆ ಕೆಲಸಕ್ಕೆ ಬಾಗಿದ. ಎರಡು ಕೈಗೂ ಕೈಗವಸು.

ಅಲಗು ಎಂಜಿನ್ನಿಗೆ ಸೇರಿದ ಮೇಲೂ ಶತ್ರುಗಳುಂಟು. ಮರಳುಗಾಡಿನ ಧೂಳು, ಜ್ವಾಲಾಮುಖಿಯ ಬೂದಿ. ೧೯೮೨ರ ಜೂನ್ ೨೪ರ ರಾತ್ರಿ ಕ್ವಾಲಾಲಂಪುರದಿಂದ ಪರ್ತ್ ನಗರದ ಕಡೆಗೆ ಹಾರುತ್ತಿದ್ದ ಬ್ರಿಟಿಷ್ ಏರ್‌ವೇಸಿನ ಬೋಯಿಂಗ್ ೭೪೭ ವಿಮಾನವು ಜಾವಾದ ಗಲುಂಗುಂಗ್ ಪರ್ವತ ಉಗುಳಿದ ಬೂದಿಯ ಮೋಡವನ್ನು ಹೊಕ್ಕಿತು. ಬೂದಿ ಎಂಜಿನ್ನಿನ ಉರಿಯಲ್ಲಿ ಕರಗಿ, ಪಾಕದಂತೆ ಒಳಗೆಲ್ಲ ಮೆತ್ತಿಕೊಂಡಿತು. ನಾಲ್ಕು ಎಂಜಿನ್ನುಗಳೂ ನಿಂತವು. ಒಳಗೆ ೨೬೩ ಜೀವಗಳು. ವಿಮಾನ ಗಾಳಿಪಟದಂತೆ ತೇಲುತ್ತ ಇಳಿಯುವಾಗ, ಎಂಜಿನ್ನುಗಳು ತಣ್ಣಗಾಗಿ, ಮೆತ್ತಿದ್ದ ಪಾಕ ಗಾಜಿನಂತೆ ಗಟ್ಟಿಯಾಗಿ ಉದುರಿತು. ಅವು ಮತ್ತೆ ಹೊತ್ತಿಕೊಂಡವು. ವಿಮಾನ ಜಕಾರ್ತದಲ್ಲಿ ಸುರಕ್ಷಿತವಾಗಿ ಇಳಿಯಿತು. ಅಂದು ಕವಚದ ಮಾತು ದೂರವೇ ಉಳಿಯಿತು, ಉಸಿರೇ ಕಟ್ಟಿತ್ತು. ಆದರೆ ಅಷ್ಟು ಘೋರವಲ್ಲದ ಧೂಳು ಸಹ ೧೨೦೦ ಡಿಗ್ರಿಯ ಸುಮಾರಿಗೆ ಕರಗಿ, ಪಿಂಗಾಣಿಯ ಸಣ್ಣ ರಂಧ್ರಗಳಲ್ಲಿ ಇಂಗಿ, ಆರಿದಾಗ ಬಿಗಿದು, ಪದರವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಇದಕ್ಕೆ ಮದ್ದು ಹುಡುಕುವ ಕೆಲಸ ಇನ್ನೂ ನಡೆದೇ ಇದೆ.

ನಮ್ಮ ಬೆಂಗಳೂರಿಗೆ ಈ ಬೆಂಕಿಯ ವಿದ್ಯೆ ಹೊಸದಲ್ಲ, ಪೂರ್ತಿ ಕೈವಶವೂ ಅಲ್ಲ. ೧೯೬೧ರ ಜೂನ್ ೧೭ರಂದು ಇಲ್ಲಿಂದಲೇ ಆಕಾಶಕ್ಕೇರಿದ ಹಿಂದುಸ್ತಾನ್ ಕಾರ್ಖಾನೆಯ 'ಮಾರುತ' ಯುದ್ಧವಿಮಾನದ ಮೈ ಬಲವಾಗಿತ್ತು, ಎಂಜಿನ್ ಸಾಲಲಿಲ್ಲ. ೧೯೮೯ರಲ್ಲಿ ಇಲ್ಲಿನ ಅನಿಲ ಟರ್ಬೈನ್ ಸಂಶೋಧನಾಲಯಕ್ಕೆ ಸ್ವದೇಶಿ ಜೆಟ್ ಎಂಜಿನ್ನಿನ ಯೋಜನೆ ಮಂಜೂರಾಯಿತು. ಅದಕ್ಕಿಟ್ಟ ಹೆಸರು 'ಕಾವೇರಿ'. ಬೆಂಕಿ ಉಗುಳುವ ಯಂತ್ರಕ್ಕೆ ಹೊಳೆಯ ಹೆಸರಿಟ್ಟವರ ರಸಿಕತೆಗೆ ತಲೆದೂಗಬೇಕು. ಆದರೆ ೨೦೦೧ರ ಜನವರಿ ೪ರಂದು 'ತೇಜಸ್' ಮೊದಲು ಹಾರಿದ್ದು ಅಮೆರಿಕದ ಎಂಜಿನ್ನಿನಿಂದ. ೨೦೦೮ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ರೆಕ್ಕೆಯನ್ನು, ಮೈಯನ್ನು, ಹಾರಾಟದ ಗಣಿತವನ್ನು ಸಾಧಿಸಿದ ಊರು ತಡವರಿಸಿದ್ದು ಬ್ರಹ್ಮಾಂಡದಂಥ ಯಾವ ವಿಷಯದಲ್ಲೂ ಅಲ್ಲ. ಅಂಗೈಯಗಲದ ಅಲಗು, ಅದರ ಎರಕ, ಅದರ ಮೇಲಿನ ಕಾಗದದಷ್ಟು ದಪ್ಪದ ಲೇಪ ಇಂಥವುಗಳಲ್ಲಿ. ಬೇರೆ ದೇಶದವರು ಎಂಜಿನ್ ಮಾರುತ್ತಾರೆ. ಈ ಗುಟ್ಟನ್ನು ಸುಲಭವಾಗಿ ಮಾರುವುದಿಲ್ಲ.

ಹೊರಡುವ ಮುನ್ನ ಶಿಷ್ಯ ಒಂದು ಹಳೆಯ ಅಲಗನ್ನು ತೋರಿಸಿದ. ಅದರ ಲೇಪದಲ್ಲಿದ್ದ ಅಲ್ಯೂಮಿನಿಯಂ ಬಿರುಕುಗಳನ್ನು ಮುಚ್ಚಿ ಮುಚ್ಚಿ ತೀರಿಹೋಗಿತ್ತು. ಬುತ್ತಿ ಮುಗಿದ ಮೇಲೆ ಕವಚವಿಲ್ಲ. ಇಂಥ ಅಲಗುಗಳನ್ನು ಬಿಚ್ಚಿ ತಂದು, ಹಳೆಯ ಲೇಪವನ್ನು ತೆಗೆದು, ಮೈ ಗಟ್ಟಿಯಾಗಿದ್ದರೆ ಹೊಸದಾಗಿ ಸಿಂಪಡಿಸಿ ಕಳುಹಿಸುತ್ತಾರೆ.

ಮನೆಗೆ ಬಂದು ತಾಯಿಯವರಿಗೆ ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಅಲ್ಯೂಮಿನಿಯಂ, ಇಟ್ರಿಯಂ ಎಂಬಲ್ಲೆಲ್ಲ ಅವರು ಸುಮ್ಮನೆ ಹೂಂಗುಟ್ಟಿದರು. ಕೊನೆಯ ಮಾತಿಗೆ ಮಾತ್ರ ಮುಖ ಅರಳಿತು.

"ಹಾಗೆನ್ನು, ಕಲಾಯಿ" ಎಂದರು.

ಅವರ ತವರೂರಿನಲ್ಲಿ ವರ್ಷಕ್ಕೆರಡು ಬಾರಿ ಕಲಾಯಿಯವನು ಬೀದಿಯಲ್ಲಿ ತಿದಿ ಹೂಡಿ ಕೂರುತ್ತಿದ್ದುದು, ಹಿತ್ತಾಳೆಯ ಪಾತ್ರೆಯನ್ನು ಕೆಂಪಗೆ ಕಾಯಿಸಿ ನವಸಾಗರದ ಪುಡಿ ಎರಚಿ, ಬಿಳಿಯ ಹೊಗೆಯ ನಡುವೆ ಅರಳೆಯಿಂದ ತವರವನ್ನು ಒರೆಸಿ ಬೆಳ್ಳಿಯಂತೆ ಮಾಡುತ್ತಿದ್ದುದು, ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದ್ದಕ್ಕೆ ಅವರ ಅತ್ತೆ ಬೈದದ್ದು, ಎಲ್ಲವನ್ನೂ ಹೇಳಿದರು. ಆಮೇಲೆ ಕೇಳಿದರು:

"ಪಾತ್ರೆಯ ಕಲಾಯಿ ಹೋದರೆ ಕಣ್ಣಿಗೆ ಕಾಣುತ್ತದೆ. ಇದು ಎಂಜಿನ್ನಿನ ಹೊಟ್ಟೆಯಲ್ಲಿದೆ. ಹೋಗಿದೆಯೆಂದು ಯಾರು ನೋಡುತ್ತಾರೆ?"

ಮತ್ತೆ ಶಿಷ್ಯನಿಗೆ ಫೋನ್ ಮಾಡಬೇಕಾಯಿತು. ಎಂಜಿನ್ನನ್ನು ಬಿಚ್ಚದೆಯೇ, ತುದಿಯಲ್ಲಿ ದೀಪವೂ ಕಣ್ಣೂ ಇರುವ ಬಳುಕುವ ನಳಿಕೆಯೊಂದನ್ನು ಒಳಕ್ಕೆ ಇಳಿಬಿಟ್ಟು ಅಲಗುಗಳನ್ನು ನೋಡುತ್ತಾರೆಂದೂ, ಎಷ್ಟು ಸಾರಿ ಹಾರಿತು, ಎಷ್ಟು ಗಂಟೆ ಉರಿಯಿತು ಎಂಬುದರ ಲೆಕ್ಕವನ್ನು ಬರೆದಿಡುತ್ತಾರೆಂದೂ ಹೇಳಿದ. ತಾಯಿಯವರು ಕೇಳಿ ಸಮಾಧಾನಗೊಂಡಂತೆ ಕಂಡರು. ಕಾಶಿಯಿಂದ ತಂದ ಗಂಗೆಯ ಗಿಂಡಿ ದೇವರ ಗೂಡಿನಲ್ಲಿದೆ. ಅದನ್ನು ರಾಮೇಶ್ವರಕ್ಕೆ ಒಯ್ದು ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ಣವಾಗುತ್ತದೆಂಬುದು ಅವರ ಹಂಬಲ. ಮಧುರೆಯವರೆಗೆ ವಿಮಾನಕ್ಕೆ ಟಿಕೆಟು ನೋಡಲೇ ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿ, "ರೈಲಿನಲ್ಲಿಯೇ ಹೋಗೋಣ" ಎಂದರು.